ಟೈರಿಗೆ ಗಾಳಿ ತುಂಬಿದ ದನದ ಡಾಕ್ಟ್ರು

ಸೈಕಲ್ ಅಂದ ಕೂಡಲೇ ನಾವು ಎಂಜಿನಿಯರಿಂಗ್‌ನವರು ಚೈನು, ಸ್ಪ್ರಾಕೆಟ್ಟು, ಬೇರಿಂಗು ಅಂತ ಮಾತು ಶುರು ಮಾಡ್ತೀವಿ. ಆದರೆ ದಿನಾ ಹಾಸ್ಟೆಲಿನಿಂದ ಕ್ಲಾಸಿಗೆ ಸೈಕಲ್ ತುಳಿಯೋ ನಮ್ಮಂಥವರು ಬೆಳಿಗ್ಗೆ ಸ್ಟ್ಯಾಂಡ್ ತೆಗೆಯೋ ಮುಂಚೆ ಹೆಬ್ಬೆರಳಿನಿಂದ ಒತ್ತಿ ನೋಡೋದು ಮಾತ್ರ ಟೈರನ್ನ. ಗಾಳಿ ಇದ್ದರೆ ದಿನ ಸಲೀಸು. ಇಲ್ಲದಿದ್ದರೆ ತಳ್ಳಿಕೊಂಡು ನಡೆ, ಮೊದಲ ಪೀರಿಯಡ್ಡಿನ ಅಟೆಂಡೆನ್ಸಿಗೆ ಎಳ್ಳುನೀರು. ಆ ಗಾಳಿಯನ್ನು ಸೈಕಲ್ ಚಕ್ರದೊಳಗೆ ತಂದವರು ಎಂಜಿನಿಯರ್ ಅಲ್ಲ, ದನದ ಡಾಕ್ಟ್ರು. ಹೆಸರು ಜಾನ್ ಬಾಯ್ಡ್ ಡನ್ಲಪ್. ಟೈರಿನ ಮೇಲೆ ನಾವೆಲ್ಲ ಓದಿರುವ ಹೆಸರೇ. ಅದು ಒಬ್ಬ ಮನುಷ್ಯನ ಹೆಸರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!

1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಊರಿನ ಒಂದು ರೈತ ಕುಟುಂಬದಲ್ಲಿ ಹುಟ್ಟಿದವರು ಡನ್ಲಪ್. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಹಾಗಾಗಿ ಆರೋಗ್ಯ ಸೂಕ್ಷ್ಮ ಅಂತಲೇ ಎಲ್ಲರೂ ನಂಬಿದ್ದರು. (ಬದುಕಿದ್ದು ಎಂಬತ್ತೊಂದು ವರ್ಷ!) ಎಡಿನ್‌ಬರೋದಲ್ಲಿ ಪಶುವೈದ್ಯ ಓದಿದರು, ಅಲ್ಲೇ ಕೆಲವು ವರ್ಷ ಕೆಲಸ ಮಾಡಿದರು. 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಹೋದರು. ಕೊನೆಗೆ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿನಲ್ಲಿ ಅವರ ಆಸ್ಪತ್ರೆ ನೆಲೆ ನಿಂತಿತು. ಕುದುರೆ ಗಾಡಿಗಳ ಕಾಲ ಅದು. ಕುದುರೆಗೆ ಲಾಳ ಹೊಡೆಸೋದರಿಂದ ಹಿಡಿದು ಕಾಲುನೋವಿನ ಔಷಧಿವರೆಗೆ ಎಲ್ಲದಕ್ಕೂ ಜನ ಬರುತ್ತಿದ್ದರು. ಐರ್ಲೆಂಡಿನ ದೊಡ್ಡ ಪಶುವೈದ್ಯ ಆಸ್ಪತ್ರೆಗಳಲ್ಲಿ ಅದೂ ಒಂದಾಗಿತ್ತು. ನಲವತ್ತೇಳನೇ ವಯಸ್ಸಿನ ತನಕ ಅವರ ಬದುಕು ಇಷ್ಟೇ.

ಇನ್ನು ಆ ಕಾಲದ ಸೈಕಲ್ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಂಥ ಪುಟ್ಟ ಚಕ್ರ ಇರೋ ಸೈಕಲ್ಲಿನ ಫೋಟೋ ನಾವೆಲ್ಲ ನೋಡಿದ್ದೀವಿ, ನಕ್ಕಿದ್ದೀವಿ. ಆದರೆ ಆ ಎತ್ತರಕ್ಕೆ ಕಾರಣ ಇತ್ತು. ಪೆಡಲ್ ನೇರವಾಗಿ ಚಕ್ರಕ್ಕೇ ಸಿಕ್ಕಿಸಿದ್ದರಿಂದ ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಹೋಗಬಹುದು. ಜೊತೆಗೆ, ದೊಡ್ಡ ಚಕ್ರ ಸಣ್ಣ ಗುಂಡಿಯೊಳಗೆ ಪೂರ್ತಿ ಇಳಿಯೋದೇ ಇಲ್ಲ, ಮೇಲಿಂದ ಮೇಲೆ ದಾಟಿಬಿಡುತ್ತೆ. ಬಿದ್ದರೆ ಮಾತ್ರ ತಲೆ ಮುಂದಾಗಿ ಬೀಳಬೇಕು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಚೈನ್ ಹಾಕಿ, ಎರಡೂ ಚಕ್ರಗಳನ್ನು ಹೆಚ್ಚುಕಮ್ಮಿ ಒಂದೇ ಅಳತೆಗೆ ತಂದು ರೋವರ್ ಸೈಕಲ್ ಮಾಡಿದರು. ಬೀಳೋ ಭಯ ಕಡಿಮೆ ಆಯ್ತು, ನಡುಕ ಜಾಸ್ತಿ ಆಯ್ತು! ಚಕ್ರ ಚಿಕ್ಕದು, ಟೈರು ಗಟ್ಟಿ ರಬ್ಬರಿನದು, ಬೆಲ್‌ಫಾಸ್ಟಿನಂಥ ಊರಲ್ಲಿ ರಸ್ತೆ ತುಂಬ ಕಲ್ಲು ಹಾಸು. ನಮ್ಮ ಗೇಟಿನ ಹತ್ತಿರದ ಹಂಪ್ಸ್‌ಗಳನ್ನು ಸಾಲಾಗಿ ಒಂದು ಕಿಲೋಮೀಟರ್ ಜೋಡಿಸಿದರೆ ಹೇಗಿರುತ್ತೆ ಅಂತ ಯೋಚಿಸಿ. ಅಂಥ ಸೈಕಲ್ ಮೇಲೆ ಭಾನುವಾರ ಶೋಕಿಗೆ ಹೋಗಬಹುದು, ದಿನಾ ಕೆಲಸಕ್ಕೆ ಹೋಗೋದು ಕಷ್ಟ.

ಡನ್ಲಪ್ ಅವರ ಮಗ ಒಂಬತ್ತು ಹತ್ತು ವರ್ಷದ ಹುಡುಗ. ಅವನಿಗೊಂದು ಮೂರು ಚಕ್ರದ ಸೈಕಲ್ ಇತ್ತು. ಅದು ಕಲ್ಲು ಹಾಸಿನ ಮೇಲೆ ಕುಲುಕೋದನ್ನು ಕಡಿಮೆ ಮಾಡಿ, ಅವನು ಸಲೀಸಾಗಿ ಓಡಿಸುವ ಹಾಗೆ ಮಾಡಬೇಕು ಅನ್ನೋದಷ್ಟೇ ಅಪ್ಪನ ಉದ್ದೇಶ. 1887ರ ಕೊನೆಯಲ್ಲಿ ಅವರು ಮಾಡಿದ ಪ್ರಯೋಗ ನಮಗೆ ಬಹಳ ಇಷ್ಟ, ಯಾಕಂದ್ರೆ ಅದರಲ್ಲಿ ಒಂದೇ ಒಂದು ಸಮೀಕರಣವೂ ಇಲ್ಲ. ತೊಂಬತ್ತಾರು ಸೆಂಟಿಮೀಟರ್ ಅಗಲದ ಒಂದು ಮರದ ಗಾಲಿ. ಅದರ ಅಂಚಿಗೆ ತೆಳು ರಬ್ಬರ್ ಹಾಳೆ ಅಂಟಿಸಿ ಮಾಡಿದ ಕೊಳವೆ. ಅದಕ್ಕೆ ಫುಟ್‌ಬಾಲಿಗೆ ಗಾಳಿ ಹೊಡೆಯೋ ಪಂಪಿನಿಂದ ಗಾಳಿ. ಆಮೇಲೆ ಅಂಗಳದಲ್ಲಿ ಮಗನ ಸೈಕಲ್ಲಿನ ಲೋಹದ ಚಕ್ರವನ್ನೂ ಈ ಗಾಲಿಯನ್ನೂ ಉರುಳಿಸಿ ಬಿಟ್ಟರು. ಲೋಹದ ಚಕ್ರ ಸ್ವಲ್ಪ ದೂರ ಹೋಗಿ ಮಲಗಿತು. ಗಾಳಿ ಗಾಲಿ ಅಂಗಳ ಪೂರ್ತಿ ದಾಟಿ, ಗೇಟಿನ ಕಂಬಕ್ಕೆ ಬಡಿದು ವಾಪಸ್ ಚಿಮ್ಮಿತು.

ಇದರ ಹಿಂದಿನ ವಿಷಯ ನಮ್ಮ ಮೊದಲ ವರ್ಷದ ಫಿಸಿಕ್ಸ್‌ನಲ್ಲೇ ಇದೆ. ಗಟ್ಟಿ ಚಕ್ರ ಒಂದು ಕಲ್ಲಿನ ಮೇಲೆ ಹತ್ತಬೇಕಂದ್ರೆ ಸೈಕಲ್, ಅದರ ಮೇಲೆ ಕೂತವನು ಇಬ್ಬರನ್ನೂ ಎತ್ತಬೇಕು. ಎತ್ತೋಕೆ ಬೇಕಾದ ಶಕ್ತಿ ಮುಂದಕ್ಕೆ ಹೋಗೋ ವೇಗದಿಂದಲೇ ಕಡಿತ ಆಗೋದು, ಇಳಿಯುವಾಗ ಅದರಲ್ಲಿ ಬಹುಪಾಲು ಬಡಿತ, ಸದ್ದು, ನಡುಕವಾಗಿ ಹೋಗಿಬಿಡುತ್ತೆ. ಗಾಳಿ ಟೈರಾದರೆ ಕಲ್ಲು ಇರೋ ಜಾಗದಲ್ಲಿ ತಾನು ಒಳಗೆ ತಗ್ಗುತ್ತೆ, ದಾಟಿದ ಮೇಲೆ ಮತ್ತೆ ಉಬ್ಬುತ್ತೆ. ಅಂದರೆ ಮೆತ್ತಗಿರೋದೂ ವೇಗವಾಗಿರೋದೂ ಒಂದಕ್ಕೊಂದು ವಿರುದ್ಧ ಅಲ್ಲ. ಆ ಕಾಲದವರಿಗೆ ನಂಬೋಕೆ ಕಷ್ಟ ಆಗಿದ್ದು ಇದೇ.

1888ರ ಫೆಬ್ರವರಿಯ ಕೊನೆಯಲ್ಲಿ, ಒಂದು ರಾತ್ರಿ, ಮಗ ಗಾಳಿ ಟೈರಿನ ಸೈಕಲ್ ಹತ್ತಿ ರಸ್ತೆಗೆ ಇಳಿದ. ಅದೇ ವರ್ಷ ಜುಲೈನಲ್ಲಿ ಡನ್ಲಪ್ ಪೇಟೆಂಟಿಗೆ ಅರ್ಜಿ ಹಾಕಿದರು, ಡಿಸೆಂಬರಿನಲ್ಲಿ ಸಿಕ್ಕಿತು. ಜನ ಮಾತ್ರ ಈ ದಪ್ಪ ಟೈರ್ ನೋಡಿ ನಗುತ್ತಿದ್ದರು. ನಗು ನಿಂತಿದ್ದು 1889ರ ಮೇ 18ರಂದು, ಅದೂ ಒಂದು ಕಾಲೇಜಿನ ಸ್ಪೋರ್ಟ್ಸ್ ಡೇಯಲ್ಲಿ! ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿ ಟೈರಿನ ಸೈಕಲ್ ತಂದು ನಾಲ್ಕೂ ಸೈಕಲ್ ರೇಸ್ ಗೆದ್ದುಬಿಟ್ಟ. ಹ್ಯೂಮ್ ಆ ಊರಿನ ಒಂದು ಸೈಕಲ್ ಕ್ಲಬ್ಬಿನ ಕ್ಯಾಪ್ಟನ್. ಸೋತವರಲ್ಲಿ ಹಾರ್ವೆ ಡ್ಯು ಕ್ರೋ ಎಂಬ ಡಬ್ಲಿನ್ ವ್ಯಾಪಾರಿಯ ಮಕ್ಕಳೂ ಇದ್ದರು. ಮಕ್ಕಳು ಸೋತ ಬೇಜಾರನ್ನು ಆ ಅಪ್ಪ ಬೇರೆ ಥರ ತೀರಿಸಿಕೊಂಡರು: ಅದೇ ವರ್ಷ ಟೈರ್ ಕಂಪನಿಯನ್ನೇ ಶುರು ಮಾಡಿಸಿದರು. ಡನ್ಲಪ್ ತಮ್ಮ ಪೇಟೆಂಟನ್ನು ಆ ಕಡೆಗೆ ಬರೆದುಕೊಟ್ಟು ಕಂಪನಿಯ ಷೇರು ತಗೊಂಡರು.

ಇಲ್ಲಿಂದ ಕಥೆ ಕಹಿ ಆಗುತ್ತೆ. 1890ರಲ್ಲಿ ಪೇಟೆಂಟ್ ಕಚೇರಿಯಿಂದ ಬಂದ ಸುದ್ದಿ: ಈ ಪೇಟೆಂಟ್ ನಿಲ್ಲೋದಿಲ್ಲ. ಯಾಕಂದ್ರೆ ಇದೇ ವಿಚಾರಕ್ಕೆ 1845ರಲ್ಲೇ, ಡನ್ಲಪ್ ಐದು ವರ್ಷದ ಮಗುವಾಗಿದ್ದಾಗ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು ಪೇಟೆಂಟ್ ಪಡೆದಿದ್ದರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ್ದರು. ಆಗ ಪೆಡಲ್ ಇರೋ ಸೈಕಲ್ಲೇ ಬಳಕೆಯಲ್ಲಿರಲಿಲ್ಲ, ಹಾಗಾಗಿ ಆ ಟೈರು ಬೇಕು ಅನ್ನೋವರೇ ಇರಲಿಲ್ಲ. ಥಾಮ್ಸನ್ 1873ರಲ್ಲಿ ತೀರಿಕೊಂಡರು, ವಿಚಾರವೂ ಮರೆತುಹೋಯಿತು. ಡನ್ಲಪ್ ಅದನ್ನು ಕದ್ದಿದ್ದಲ್ಲ, ತಾವಾಗಿಯೇ ಮತ್ತೆ ಕಂಡುಹಿಡಿದಿದ್ದರು. ಆದರೆ ಕಾನೂನಿಗೆ ಮೊದಲು ಯಾರು ಅನ್ನೋದೇ ಮುಖ್ಯ. ನಮಗೆ ಇದರಲ್ಲಿ ಯಾರ ಪರ ನಿಲ್ಲಬೇಕೋ ಗೊತ್ತಾಗಲ್ಲ. ಮೊದಲು ಹೊಳೆದವರು ಥಾಮ್ಸನ್, ಚಕ್ರ ಉರುಳಿಸಿ ಲೋಕಕ್ಕೆ ತಲುಪಿಸಿದವರು ಡನ್ಲಪ್.

ಇನ್ನೊಂದು ಮಾತು. ಡನ್ಲಪ್ ಅವರ ಮೊದಲ ಟೈರಿಗೆ ಪಂಕ್ಚರ್ ಆದರೆ ದೇವರೇ ಗತಿ! ಬಟ್ಟೆ ಸುತ್ತಿ, ರಿಮ್ಮಿಗೆ ಅಂಟಿಸಿಬಿಟ್ಟಿದ್ದರು, ಕಿತ್ತು ಮತ್ತೆ ಅಂಟಿಸಲು ಗಂಟೆಗಟ್ಟಲೆ ಬೇಕು. ಇವತ್ತು ನಾವು ಗೇಟಿನಾಚೆ ಸೈಕಲ್ ಶಾಪಿನಲ್ಲಿ ಕಾಣೋ ದೃಶ್ಯ ಇದೆಯಲ್ಲ, ಟೈರಿನ ಒಂದು ಬದಿ ಎತ್ತಿ, ಟ್ಯೂಬ್ ಎಳೆದು, ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕಿ, ಉಪ್ಪುಕಾಗದದಲ್ಲಿ ಉಜ್ಜಿ ಪ್ಯಾಚ್ ಹಾಕಿ ಒಂದು ಟೀ ಕುಡಿಯೋದರೊಳಗೆ ಕೊಡೋದು, ಅದು ಸಾಧ್ಯ ಆಗಿದ್ದು ಚಾರ್ಲ್ಸ್ ವೆಲ್ಚ್ 1890ರಲ್ಲಿ ಟೈರಿನ ಅಂಚಿನಲ್ಲಿ ತಂತಿ ಕೂರಿಸಿ, ಬಿಚ್ಚಿ ಹಾಕೋ ಟೈರ್ ಮಾಡಿದ ಮೇಲೆ. ನಮ್ಮ ಸೈಕಲ್‌ಗಳಲ್ಲಿರುವ, ಒಳಗೆ ಪುಟ್ಟ ವಾಲ್‌ಟ್ಯೂಬ್ ಹಾಕೋ ವಾಲ್ವಿಗೆ ಡನ್ಲಪ್ ವಾಲ್ವ್ ಅಂತಲೇ ಹೆಸರು. ಅದನ್ನು ಮಾಡಿದವರೂ ಡನ್ಲಪ್ ಅಲ್ಲ, ವುಡ್ಸ್ ಎಂಬುವವರು. ಹೆಸರಿಗೂ ಕೆಲಸಕ್ಕೂ ಲೆಕ್ಕ ಸರಿಹೋಗೋದು ಅಪರೂಪ ಬಿಡಿ. ಆ ಪೇಟೆಂಟುಗಳನ್ನು ಕೊಂಡುಕೊಂಡೇ ಕಂಪನಿ ಉಳಿಯಿತು.

ಮುಂದಿನ ಕೆಲವೇ ವರ್ಷಗಳಲ್ಲಿ ಆಳೆತ್ತರದ ಸೈಕಲ್ ಮೂಲೆ ಸೇರಿತು. ಗುಮಾಸ್ತರು, ಕಾರ್ಖಾನೆಯವರು, ಹೆಂಗಸರು ಸೈಕಲ್ ಹತ್ತಿ ದಿನದ ಕೆಲಸಕ್ಕೆ ಹೊರಟರು. ಆದರೆ ಅಷ್ಟು ಟೈರಿಗೆ ರಬ್ಬರ್ ಎಲ್ಲಿಂದ ಬರಬೇಕು? ಅದರಲ್ಲಿ ಒಂದು ಪಾಲು ಬಂದದ್ದು ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡನ ಹಿಡಿತದಲ್ಲಿದ್ದ ಕಾಂಗೋ ಕಾಡುಗಳಿಂದ. ಹೇಳಿದಷ್ಟು ರಬ್ಬರ್ ತರದ ಹಳ್ಳಿಗಳಲ್ಲಿ ಜನರನ್ನು ಕೊಂದರು, ಕೈ ಕತ್ತರಿಸಿದರು. ಡನ್ಲಪ್ ಇದಕ್ಕೆ ಕಾರಣ ಅಂತ ನಾವು ಹೇಳೋದಿಲ್ಲ. ಆದರೆ ಸೈಕಲ್ಲಿನ ಸುಖದ ಕಥೆಯಲ್ಲಿ ಇದನ್ನು ಬಿಟ್ಟು ಬರೆಯೋಕೂ ನಮಗೆ ಮನಸ್ಸು ಒಪ್ಪಲಿಲ್ಲ.

1896ರಲ್ಲಿ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯ್ತು. ಕೊಂಡವರು ಅದನ್ನೇ ಸ್ವಲ್ಪ ದಿನದಲ್ಲಿ 50 ಲಕ್ಷಕ್ಕೆ ಮತ್ತೆ ಷೇರುಪೇಟೆಗೆ ಬಿಟ್ಟರು. ಅಷ್ಟರಲ್ಲಿ ಡನ್ಲಪ್ ಅದರಿಂದ ಹೊರಗೆ ಬಂದಾಗಿತ್ತು. ಆ ದೊಡ್ಡ ದುಡ್ಡು ಅವರ ಪಾಲಿಗೆ ಬರಲಿಲ್ಲ. ಡಬ್ಲಿನ್ನಿನಲ್ಲಿ ಅವರು ಸುಮ್ಮನೆ, ಅನುಕೂಲವಾಗಿಯೇ ಬದುಕಿದರು. ಇತ್ತ ಜಗತ್ತಿನ ರಸ್ತೆಗಳ ಮೇಲೆಲ್ಲ ಅವರ ಹೆಸರು ಉರುಳುತ್ತಿತ್ತು. ಬಂಗಾಳದ ಸಾಹಾಗಂಜಿನಲ್ಲಿ ಆ ಹೆಸರಿನ ಕಾರ್ಖಾನೆ ಬಂದದ್ದು ಅವರು ಹೋದ ಮೇಲೆ. ಕಂಪನಿ ಜಾಹೀರಾತಿನಲ್ಲಿ ಅವರ ಗಡ್ಡದ ಮುಖವನ್ನೂ ಬಳಸುತ್ತಿತ್ತು. ಆ ಚಿತ್ರಗಳಲ್ಲಿ ತಮ್ಮನ್ನು ಯಾರೋ ಶೋಕಿಲಾಲನ ಹಾಗೆ ತೋರಿಸಿದ್ದಾರೆ ಅಂತ ಮುದುಕರಿಗೆ ಸಿಟ್ಟು ಬಂತು. ದುಡ್ಡಿನ ವಿಷಯಕ್ಕೆ ಸುಮ್ಮನಿದ್ದವರು ಮುಖದ ವಿಷಯಕ್ಕೆ ಕೋರ್ಟಿಗೆ ಹೋದರು, ತಮ್ಮದೇ ಹೆಸರಿನ ಕಂಪನಿಯ ಮೇಲೆ. ಡನ್ಲಪ್ ವಿರುದ್ಧ ಡನ್ಲಪ್!

1921ರ ಅಕ್ಟೋಬರ್ 23ರಂದು ಅವರು ಡಬ್ಲಿನ್ನಿನಲ್ಲಿ ತೀರಿಕೊಂಡರು. ಬಹಳ ವರ್ಷಗಳ ನಂತರ ಉತ್ತರ ಐರ್ಲೆಂಡಿನ ಒಂದು ಬ್ಯಾಂಕು ತನ್ನ ಹತ್ತು ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಅಚ್ಚು ಹಾಕಿಸಿತು, ಗಡ್ಡ ಸಮೇತ.