ನಯಾಗರಾ ಕಮರಿಯ ಮೇಲೆ ನಡೆದ ಬ್ಲಾಂಡಿನ್

ಊರ ಬಯಲಿನಲ್ಲಿ ಬಿಗಿದು ಕಟ್ಟಿದ ಹಗ್ಗ, ಕೆಳಗೆ ಡೋಲಿನ ಸದ್ದು, ಮೇಲೆ ಕೋಲು ಹಿಡಿದು ಹೆಜ್ಜೆಯಿಡುವ ಮಗು. ದೊಂಬರಾಟ ಕಂಡವರಿಗೆ ಈ ಚಿತ್ರ ಹೊಸದಲ್ಲ. ಇದೇ ವಿದ್ಯೆಯನ್ನು ವೃತ್ತಿಯಾಗಿಸಿಕೊಂಡು ಹತ್ತೊಂಬತ್ತನೆಯ ಶತಮಾನದಲ್ಲಿ ಜಗದ್ವಿಖ್ಯಾತನಾದವನು ಫ್ರಾನ್ಸಿನ ಚಾರ್ಲ್ಸ್ ಬ್ಲಾಂಡಿನ್.

ಆತನ ಮೂಲ ಹೆಸರು ಜಾನ್ ಫ್ರಾನ್ಸ್ವಾ ಗ್ರಾವಲೆ. 1824ರ ಫೆಬ್ರವರಿ 28ರಂದು ಉತ್ತರ ಫ್ರಾನ್ಸಿನಲ್ಲಿ ಜನನ. ಐದನೆಯ ವಯಸ್ಸಿಗೇ ಲಿಯಾನ್ ನಗರದ ವ್ಯಾಯಾಮ ಶಾಲೆ ಸೇರಿದ. ಆರು ತಿಂಗಳ ತರಬೇತಿಯ ನಂತರ ಬಾಲಪ್ರತಿಭೆಯಾಗಿ ಜನರೆದುರು ಬಂದ. 1850ರ ದಶಕದಲ್ಲಿ ರಾವೆಲ್ ತಂಡದ ಕಲಾವಿದನಾಗಿ ಅಮೆರಿಕಕ್ಕೆ ತೆರಳಿದ.

ಅಲ್ಲಿ ಆತನನ್ನು ಸೆಳೆದದ್ದು ನಯಾಗರಾ. ಜಲಪಾತದ ಕೆಳಗಿನ ಕಮರಿಗೆ ಅಡ್ಡಲಾಗಿ, ಅಮೆರಿಕದ ದಡದಿಂದ ಕೆನಡಾದ ದಡಕ್ಕೆ ಸುಮಾರು 1,100 ಅಡಿ ಉದ್ದದ ಹಗ್ಗ ಕಟ್ಟಿಸಿದ. ಹಗ್ಗದ ದಪ್ಪ ಮೂರು ಅಂಗುಲಕ್ಕಿಂತ ತುಸು ಹೆಚ್ಚು. ನೀರಿನಿಂದ ಎತ್ತರ ಸುಮಾರು 160 ಅಡಿ. ಅದು ಓಲಾಡದಂತೆ ಎರಡೂ ಬದಿಗೆ ಎಳೆಹಗ್ಗಗಳಿದ್ದವು. ಆದರೆ ನಟ್ಟನಡುವಿನ ಭಾಗಕ್ಕೆ ಆ ಆಸರೆಯೂ ಇರಲಿಲ್ಲ. ಕೈಯಲ್ಲಿದ್ದ ಉದ್ದನೆಯ ಕೋಲು ದೇಹ ಥಟ್ಟನೆ ವಾಲದಂತೆ ತಡೆದು, ಸರಿಪಡಿಸಿಕೊಳ್ಳಲು ಅರೆಕ್ಷಣ ಒದಗಿಸುತ್ತಿತ್ತು. ರಕ್ಷಣೆಗೆ ಬಲೆ ಇರಲಿಲ್ಲ.

1859ರ ಜೂನ್ 30ರಂದು ಸಾವಿರಾರು ಜನರ ಸಮ್ಮುಖದಲ್ಲಿ ಬ್ಲಾಂಡಿನ್ ಹೆಜ್ಜೆಯಿಟ್ಟ. ಆತ ಬೀಳುವನೆಂದು ಬಾಜಿ ಕಟ್ಟಿದವರೂ ಇದ್ದರು. ನಡುವೆ ಹಗ್ಗದ ಮೇಲೆಯೇ ಕುಳಿತು, ಕೆಳಗಿನ ದೋಣಿಯಿಂದ ದಾರದಲ್ಲಿ ಬಾಟಲಿಯೊಂದನ್ನು ಮೇಲೆಳೆದು ಕುಡಿದು, ಮತ್ತೆ ನಡೆದು ಕೆನಡಾ ತಲುಪಿದ.

ಒಮ್ಮೆ ಕಂಡ ಸಾಹಸಕ್ಕೆ ಎರಡನೆಯ ಬಾರಿ ಜನ ಸೇರುವುದಿಲ್ಲ. ಸರ್ಕಸ್ ವೃತ್ತಿಯ ಈ ಕಠಿಣ ನಿಯಮವನ್ನು ಬ್ಲಾಂಡಿನ್ ಬಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ, ಮೈಗೆ ಗೋಣಿಚೀಲ ತೊಟ್ಟು, ಕೈಗಾಡಿ ತಳ್ಳುತ್ತ, ಮರಗಾಲು ಕಟ್ಟಿಕೊಂಡು ಆತ ಕಮರಿ ದಾಟಿದ. ನಡುದಾರಿಯಲ್ಲಿ ಒಲೆ ಹೂಡಿ ಆಮ್ಲೆಟ್ ಬೇಯಿಸಿದ.

1859ರ ಆಗಸ್ಟ್ ತಿಂಗಳಲ್ಲಿ ತನ್ನ ವ್ಯವಸ್ಥಾಪಕ ಹ್ಯಾರಿ ಕಾಲ್‌ಕಾರ್ಡ್‌ನನ್ನು ಬೆನ್ನ ಮೇಲೆ ಹೊತ್ತು ದಾಟಿದ್ದು ಎಲ್ಲಕ್ಕಿಂತ ಅಪಾಯಕರ ನಡಿಗೆ. ಬ್ಲಾಂಡಿನ್ ದಣಿದಾಗಲೆಲ್ಲ ಕಾಲ್‌ಕಾರ್ಡ್ ಇಳಿದು ಹಗ್ಗದ ಮೇಲೆ ನಿಲ್ಲಬೇಕಿತ್ತು, ಮತ್ತೆ ಬೆನ್ನೇರಬೇಕಿತ್ತು. ಹೊತ್ತವನು ವಾಲಿದತ್ತ ತಾನೂ ವಾಲಬೇಕು. ಸ್ವಂತ ಸಮತೋಲನಕ್ಕೆ ಯತ್ನಿಸಿದರೆ ಇಬ್ಬರೂ ನದಿಪಾಲು. ಇಬ್ಬರೂ ಸುರಕ್ಷಿತವಾಗಿ ದಡ ಸೇರಿದರು.

ಕಾಲ್‌ಕಾರ್ಡ್ ಒಪ್ಪಿ ಬೆನ್ನೇರಿದವನು. 1861ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬ್ಲಾಂಡಿನ್ ಕೈಗಾಡಿಯಲ್ಲಿ ಕೂರಿಸಿದ್ದು ಐದರ ಹರೆಯದ ಮಗಳು ಅಡೆಲಳನ್ನು. ನೆಲದಿಂದ ಎಷ್ಟೋ ಎತ್ತರದಲ್ಲಿ ಮಗುವನ್ನು ತಳ್ಳಿಕೊಂಡು ಹೋಗುವುದನ್ನು ಕಂಡು ಆಕ್ಷೇಪಗಳೆದ್ದವು. ಬ್ರಿಟನ್ನಿನ ಗೃಹ ಸಚಿವರು ಮಧ್ಯಪ್ರವೇಶಿಸಿ ಅದನ್ನು ನಿಲ್ಲಿಸಿದರು. ಅದೇ ದಶಕದಲ್ಲಿ ಡಬ್ಲಿನ್‌ನ ಪ್ರದರ್ಶನವೊಂದರಲ್ಲಿ ಹಗ್ಗ ತುಂಡಾಗಿ ಅಟ್ಟಣೆ ಕುಸಿಯಿತು. ಬ್ಲಾಂಡಿನ್ ಪಾರಾದ, ಅಟ್ಟಣೆಯ ಮೇಲಿದ್ದ ಇಬ್ಬರು ಕೆಲಸಗಾರರು ಮೃತಪಟ್ಟರು. ವಿಚಾರಣೆಯಲ್ಲಿ ಆತನ ಮೇಲೆ ದೋಷ ಹೊರಿಸಲಿಲ್ಲ. ಆದರೆ ಹಗ್ಗದ ಮೇಲಿನ ಒಬ್ಬನ ಧೈರ್ಯಕ್ಕೆ ಕೆಳಗಿರುವವರೂ ಬೆಲೆ ತೆರಬೇಕಾದೀತೆಂಬುದನ್ನು ಆ ದುರಂತ ತೋರಿಸಿತ್ತು.

ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿದ ಬ್ಲಾಂಡಿನ್ ಇಳಿವಯಸ್ಸಿನಲ್ಲೂ ಹಗ್ಗ ಬಿಡಲಿಲ್ಲ. 1896ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬೆಲ್‌ಫಾಸ್ಟ್‌ನಲ್ಲಿ ಕೊನೆಯ ಪ್ರದರ್ಶನ ನೀಡಿದ. 1897ರ ಫೆಬ್ರವರಿ 22ರಂದು ಲಂಡನ್ ಬಳಿಯ ಈಲಿಂಗ್‌ನ ಸ್ವಗೃಹದಲ್ಲಿ ಮಧುಮೇಹದಿಂದ ನಿಧನನಾದ. ಬಾಜಿ ಕಟ್ಟಿದವರ ನಿರೀಕ್ಷೆ ಕಡೆಗೂ ಫಲಿಸಲಿಲ್ಲ. ಆ ಮನೆಯ ಹೆಸರು ನಯಾಗರಾ ಹೌಸ್.

2012ರ ಜೂನ್ 15ರಂದು ಅಮೆರಿಕದ ನಿಕ್ ವಲೆಂಡಾ ಉಕ್ಕಿನ ತಂತಿಯ ಮೇಲೆ ನಯಾಗರಾ ದಾಟಿದರು. ನೇರಪ್ರಸಾರ ಮಾಡಿದ ಟಿವಿ ವಾಹಿನಿಯ ಷರತ್ತಿನಂತೆ ಅವರು ಸುರಕ್ಷತಾ ಪಟ್ಟಿ ಧರಿಸಿದ್ದರು. ಬ್ಲಾಂಡಿನ್‌ನ ಕಾಲದಲ್ಲಿ ಅಂಥ ಷರತ್ತು ವಿಧಿಸುವವರಿರಲಿಲ್ಲ.