ತೋಟದ ಪೈಪು, ಐದನೇ ಆಯಾಮ ಮತ್ತು ಕಲೂಜಾ ಮೇಷ್ಟ್ರು

2008ರ ಸೆಪ್ಟೆಂಬರ್ 10. ಜಿನೀವಾ ಬಳಿಯ ಲಾರ್ಜ್ ಹೇಡ್ರಾನ್ ಕೊಲೈಡರ್ ಯಂತ್ರ ಶುರುವಾದ ದಿನ. ಅದರಲ್ಲಿ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದೆ ಎಂಬ ಸುದ್ದಿ ಟಿವಿಯಲ್ಲಿ. ತಗಡೂರಿನಲ್ಲಿ ಪ್ರೈಮರಿ ಶಾಲೆಯಲ್ಲಿದ್ದ ನಾನು ಅಂದು ಹೋಂವರ್ಕ್ ಬರೆಯಲೇ ಇಲ್ಲ. ಮರುದಿನ ಭೂಮಿಯೂ ಇತ್ತು, ಮೇಷ್ಟ್ರೂ ಇದ್ದರು!

ಆ ಭಯದ ಬೇರು ಹುಡುಕುತ್ತಾ ಹೋದರೆ ಸಿಗುವವರೂ ಒಬ್ಬ ಗಣಿತದ ಮೇಷ್ಟ್ರೇ: ಥಿಯೊಡೋರ್ ಕಲೂಜಾ. 1885ರಲ್ಲಿ ಹುಟ್ಟಿದ ಈ ಜರ್ಮನ್ ಗಣಿತಜ್ಞ ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1909ರಿಂದ ಪಾಠ ಮಾಡುತ್ತಿದ್ದರು. ಹುದ್ದೆ ಹೆಸರಿಗಷ್ಟೇ. ಸಂಬಳವಿಲ್ಲ, ತರಗತಿಗೆ ಬಂದ ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಗತಿ. ಹೀಗೆ 20 ವರ್ಷ!

1919ರಲ್ಲಿ ಅವರಿಗೊಂದು ವಿಚಿತ್ರ ಯೋಚನೆ ಬಂತು. ಐನ್‌ಸ್ಟೈನ್ ಸಮೀಕರಣಗಳು ಉದ್ದ, ಅಗಲ, ಎತ್ತರ, ಕಾಲ ಎಂಬ ನಾಲ್ಕು ಆಯಾಮಗಳಲ್ಲಿವೆ. ಐದನೆಯದೊಂದನ್ನು ಸೇರಿಸಿ ಬರೆದರೆ? ಬರೆದು ನೋಡಿದರು. ಗುರುತ್ವದ ಜೊತೆಗೆ ವಿದ್ಯುತ್ಕಾಂತ ಬಲದ ಸಮೀಕರಣಗಳೂ ತಾವಾಗಿಯೇ ಹೊರಬಂದವು. ಲೇಖನವನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಅವರು ಮೊದಲು ಮೆಚ್ಚಿದರು, ಆಮೇಲೆ ಅನುಮಾನಪಟ್ಟು ತಡೆಹಿಡಿದರು. ಅದು ಅಚ್ಚಾಗಿದ್ದು 1921ರಲ್ಲಿ. ಸಂಬಳವಿಲ್ಲದ ಮನುಷ್ಯನಿಗೆ ಆ ಎರಡು ವರ್ಷ ಹೇಗಿದ್ದಿರಬಹುದು?

ಸರಿ, ಆ ಐದನೇ ಆಯಾಮ ನಮಗೇಕೆ ಕಾಣುವುದಿಲ್ಲ? 1926ರಲ್ಲಿ ಸ್ವೀಡನ್ನಿನ ಓಸ್ಕರ್ ಕ್ಲೈನ್ ಇದಕ್ಕೊಂದು ಉತ್ತರ ಕೊಟ್ಟರು. ನಂಜನಗೂಡಿನ ಬಾಳೆತೋಟದಲ್ಲಿ ಎಳೆದ ಡ್ರಿಪ್ ಪೈಪನ್ನು ದೂರದಿಂದ ನೋಡಿ, ಬರೀ ಗೆರೆ. ಅದರ ಮೇಲಿರುವ ಇರುವೆಯನ್ನು ಕೇಳಿದರೆ ಪೈಪಿನ ಸುತ್ತಲೂ ಓಡಾಡಲು ಜಾಗವಿದೆ ಎನ್ನುತ್ತದೆ. ಐದನೇ ಆಯಾಮವೂ ಹಾಗೆಯೇ ಸುರುಳಿ ಸುತ್ತಿಕೊಂಡಿದೆ, ಪರಮಾಣುವಿಗಿಂತ ಎಷ್ಟೋ ಪಾಲು ಚಿಕ್ಕದಾಗಿ.

ಕಲೂಜಾ ಹಲವು ಭಾಷೆ ಬಲ್ಲವರು. 30 ದಾಟಿದ ಮೇಲೆ ಪುಸ್ತಕ ಓದಿಯೇ ಈಜು ಕಲಿತು, ನೀರಿಗಿಳಿದ ಮೊದಲ ಸಲವೇ ಈಜಿದರಂತೆ. ಮಗ ಹೇಳಿದ ಕಥೆ ಇದು. (ನಾಲೆಗೆ ಹಾರಿ ಕಲಿಯುವ ನಮ್ಮೂರ ಹುಡುಗರು ನಂಬಲಾರರು.) ಐನ್‌ಸ್ಟೈನ್ ಅವರ ಪರವಾಗಿ ಶಿಫಾರಸು ಮಾಡಿದ್ದರು. ಕೊನೆಗೂ 1929ರಲ್ಲಿ ಕೀಲ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. 1935ರಲ್ಲಿ ಗಟಿಂಗನ್‌ಗೆ ಹೋದರು, 1954ರಲ್ಲಿ ಅಲ್ಲೇ ತೀರಿಕೊಂಡರು.

1998ರಲ್ಲಿ ಅರ್ಕಾನಿ-ಹಮೀದ್, ಡಿಮೊಪೌಲೋಸ್, ಡ್ವಾಲಿ ಎಂಬ ಮೂವರು ಹೆಚ್ಚುವರಿ ಆಯಾಮಗಳ ಈ ಯೋಚನೆಯನ್ನು ಮುಂದುವರಿಸಿದರು. ಗುರುತ್ವ ದುರ್ಬಲವಾಗಿ ಕಾಣುವುದು ಅದು ಆ ಆಯಾಮಗಳಿಗೂ ಹರಡಿ ತೆಳುವಾಗುವುದರಿಂದ ಎಂದರು. ಹಾಗಿದ್ದರೆ ತೀರಾ ಹತ್ತಿರದಲ್ಲಿ ಅದು ಬಲು ಜೋರಾಗಿರಬೇಕು. ಡಿಕ್ಕಿ ಹೊಡೆದ ಎರಡು ಪ್ರೋಟಾನ್‌ಗಳಿಂದಲೂ ಸೂಕ್ಷ್ಮ ಕಪ್ಪುಕುಳಿ ಹುಟ್ಟಬಹುದು. ಟಿವಿಯವರು ಹಿಡಿದದ್ದು ಇಷ್ಟನ್ನೇ. ಹಾಕಿಂಗ್ ಲೆಕ್ಕದಂತೆ ಅಂಥ ಕುಳಿ ಹುಟ್ಟಿದ ಕ್ಷಣವೇ ಆವಿಯಾಗುತ್ತದೆ ಎಂಬುದನ್ನು ಬಿಟ್ಟರು. ಕೊಲೈಡರ್‌ಗಿಂತ ಹೆಚ್ಚು ಶಕ್ತಿಯ ವಿಶ್ವಕಿರಣಗಳು ಕೋಟ್ಯಂತರ ವರ್ಷಗಳಿಂದ ಭೂಮಿಗೆ ಬಡಿಯುತ್ತಿವೆ, ಏನೂ ಆಗಿಲ್ಲ ಎಂಬುದನ್ನೂ ಬಿಟ್ಟರು.

2010ರಿಂದ ವಿಜ್ಞಾನಿಗಳು ಆ ಯಂತ್ರದ ಡಿಕ್ಕಿಗಳಲ್ಲಿ ಸೂಕ್ಷ್ಮ ಕಪ್ಪುಕುಳಿಗಳನ್ನು ಹುಡುಕುತ್ತಿದ್ದಾರೆ. ಒಂದೂ ಸಿಕ್ಕಿಲ್ಲ. ಕಲೂಜಾ ಅವರ ಐದನೇ ಆಯಾಮದ ಸುಳಿವೂ ಇಲ್ಲ.