ಪಂಡಿತರ ಕಪ್ಪು, ನನ್ನ ಮಾನಿಟರಿನ ಕಪ್ಪು

ಗಾಜಿಪುರದ ನಮ್ಮ ಮನೆಯ ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿದ ಒಂದು ಹಳೇ ಕ್ಯಾಲೆಂಡರ್ ಚಿತ್ರ ಇದೆ. ರಾಧಾ-ಕೃಷ್ಣ. ಮೂಲೆಯಲ್ಲಿ ಸಣ್ಣಗೆ ಎಸ್.ಎಂ. ಪಂಡಿತ ಅಂತ ಸಹಿ. ನಮ್ಮ ಊರಲ್ಲಿ ಅವರ ಹೆಸರಿನ ರಂಗಮಂದಿರ ಇದೆಯಲ್ಲ, ಅದನ್ನು ನೋಡಿ ಇವರು ನಾಟಕದವರು ಅಂತಲೇ ನಾನು ತಿಳ್ಕೊಂಡಿದ್ದೆ. ನಾಚಿಕೆ ಆಗ್ತದ, ಆದ್ರೂ ಹೇಳ್ತೀನಿ.

ಅವರು ಚಿತ್ರಕಾರರು. 1916ರಲ್ಲಿ ಇದೇ ಊರಲ್ಲಿ ಹುಟ್ಟಿದರು. ಆಗ ಗುಲಬರ್ಗಾ ನಿಜಾಮರ ರಾಜ್ಯದಲ್ಲಿತ್ತು. ಚಿತ್ರಕಲೆ ಕಲಿಯಲು ಮೊದಲು ಮದ್ರಾಸಿಗೆ, ಆಮೇಲೆ ಮುಂಬೈಗೆ ಹೋದರು, ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಓದಿದರು. ಹೊಟ್ಟೆಪಾಡಿಗೆ ಸಿನಿಮಾ ಪ್ರಚಾರದ ಕೆಲಸ ಹಿಡಿದರು. ಹಾಲಿವುಡ್ ಸಿನಿಮಾಗಳ ಶೋ ಕಾರ್ಡ್, ಫಿಲ್ಮ್ ಇಂಡಿಯಾ ಪತ್ರಿಕೆಯ ಮುಖಪುಟ, 1949ರ ಬರ್ಸಾತ್ ಸಿನಿಮಾದ ಪೋಸ್ಟರ್, ಹೀಗೆ ಹೆಸರು ಬೆಳೀತು.

ಇಲ್ಲೊಂದು ಮಾತು ಗಮನಿಸಿ. ಬರ್ಸಾತ್ ಕಪ್ಪು-ಬಿಳುಪು ಸಿನಿಮಾ, ಪೋಸ್ಟರ್ ಮಾತ್ರ ಬಣ್ಣದ್ದು. ಆ ಕಾಲದ ಪೋಸ್ಟರ್ ಕಲಾವಿದರ ಮುಂದೆ ಸಾಮಾನ್ಯವಾಗಿ ಇರ್ತಿದ್ದದ್ದು ಕಪ್ಪು-ಬಿಳುಪು ಫೋಟೋ. ಮುಖದ ಯಾವ ಭಾಗ ಎಷ್ಟು ಕಪ್ಪು, ಎಷ್ಟು ಬೆಳಕು ಅಂತ ಮೊದಲು ಓದಬೇಕು, ಬಣ್ಣ ಆಮೇಲೆ.

ಮುಂದೆ ಅವರು ಪುರಾಣದ ಚಿತ್ರಗಳಿಗೆ ಹೊರಳಿದರು. ಕ್ಯಾಲೆಂಡರ್ ಆಗಿ ಅವು ಮನೆಮನೆ ಸೇರಿದವು. ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರಕ್ಕೆ ಬರೆದ ವಿವೇಕಾನಂದರ ಚಿತ್ರವೂ ಅವರದೇ. 1993ರಲ್ಲಿ ತೀರಿಕೊಂಡರು.

ಹೋದ ತಿಂಗಳು ಕ್ಲಬ್ಬಿನ ಪೋಸ್ಟರಿಗೆ ಅಂತ ನಮ್ಮ ಮನೆಯ ಚಿತ್ರ ಸ್ಕ್ಯಾನ್ ಮಾಡಿದೆ. ಮಾನಿಟರಿನಲ್ಲಿ ನೋಡಿದ್ರೆ ಕೃಷ್ಣನ ಕೂದಲು, ಹಿಂದಿನ ಮರ ಎರಡೂ ಒಂದೇ ಕಪ್ಪು. ಹಳೇ ಪ್ರಿಂಟು ಹಾಳಾಗಿದೆ ಅಂತ ಎಡಿಟಿಂಗಿನಲ್ಲಿ ಬೆಳಕು ಏರಿಸಿ ಸರಿ ಮಾಡಿದೆ. ಅಜ್ಜಿ ನೋಡಿ, ಇದು ನಮ್ಮ ದೇವರಲ್ಲ, ಮುಖ ಬಿಳಿಚಿಕೊಂಡದ ಅಂದ್ರು.

ಗೋಡೆಯ ಮೇಲಿನ ಚಿತ್ರದ ಹತ್ತಿರ ಹೋಗಿ ನೋಡಿದೆ. ಕಪ್ಪಿನೊಳಗೆ ಎಲೆ ಇದ್ದವು! ತಪ್ಪು ಮಾನಿಟರಿನದು. ಕಂಪ್ಯೂಟರ್ 0ಯಿಂದ 255ರವರೆಗೆ ಮಟ್ಟ ಕಳಿಸ್ತಿತ್ತು. ಮಾನಿಟರ್ ಮಾತ್ರ ಟಿ.ವಿ. ಪದ್ಧತಿಯಂತೆ 16 ಅಂದ್ರೆ ಪೂರ್ತಿ ಕಪ್ಪು, 235 ಅಂದ್ರೆ ಪೂರ್ತಿ ಬಿಳಿ ಅಂತ ತಿಳಿದಿತ್ತು. ಹಾಗಾಗಿ 16ಕ್ಕಿಂತ ಕೆಳಗಿನದೆಲ್ಲ ಕಪ್ಪಿನಲ್ಲಿ ಮುಳುಗಿ, 235ರ ಮೇಲಿನದೆಲ್ಲ ಬರೀ ಬಿಳಿ ಆಗಿತ್ತು. ಮೆನುವಿನಲ್ಲಿ ರೇಂಜನ್ನು ಫುಲ್ ಮಾಡಿದ ಕೂಡಲೇ ಎಲೆ ಬಂದವು. ಬೂದು ಪಟ್ಟಿಗಳ ಪರೀಕ್ಷಾ ಚಿತ್ರ ಹಾಕಿ, ಬ್ರೈಟ್‌ನೆಸ್ಸಿನಿಂದ ಕಪ್ಪಿನ ತುದಿ, ಕಾಂಟ್ರಾಸ್ಟಿನಿಂದ ಬಿಳಿಯ ತುದಿ ಹೊಂದಿಸಿದೆ.

ನಾನು ಸರಿ ಮಾಡಿದ ಫೈಲ್ ಅಳಿಸಿ, ಮೂಲ ಸ್ಕ್ಯಾನನ್ನೇ ಪೋಸ್ಟರಿಗೆ ಹಾಕಿದೆ. ಪಂಡಿತರನ್ನು ತಿದ್ದೋ ಮೊದಲು ನಮ್ಮ ಪರದೆ ತಿದ್ದಿಕೊಳ್ಳೋಣ, ಏನಂತೀರಿ?